ಬಿಲ್ಲಿನಲ್ಲಿ ಅವಧಿ ಬರೆಯಲು ಯಾವುದು ಸರಿ: ಮೊಮೆಂಟ್, ಡೇಟ್-ಎಫ್‌ಎನ್‌ಎಸ್, ಡ್ಯುರೇಶನ್‌ಫಾರ್ಮ್ಯಾಟ್, ಹ್ಯೂಮನೈಜ್-ಡ್ಯುರೇಶನ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಹ್ಯೂಮನೈಜ್-ಡ್ಯುರೇಶನ್. ಜಾವಾಸ್ಕ್ರಿಪ್ಟ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕವನ್ನು ಗಂಟೆ, ನಿಮಿಷದ ಮಾತಿಗೆ ತಿರುಗಿಸುವ ಪುಟ್ಟ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅದು. ಅದನ್ನು ಹಿಡಿಯುವ ಮುಂಚೆ ಉಳಿದ ಮೂರನ್ನೂ ಹಾಕಿ ನೋಡಿದ್ದೇನೆ, ಒಂದರಿಂದ ಚಿಕ್ಕಪ್ಪ ಗಿರಾಕಿಗಳ ಹತ್ತಿರ ಮಾತು ಕೇಳುವಂತಾಯಿತು.

ಚಿಕ್ಕಪ್ಪ ಮದ್ದೂರಿನ ಹತ್ತಿರ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುತ್ತಾರೆ. ರೋಟವೇಟರ್ ಹಾಕಿದರೆ ಗಂಟೆಗೆ 900 ರೂಪಾಯಿ. ಶುರು, ನಿಲ್ಲಿಸು ಅಂತ ಎರಡು ಬಟನ್ ಇರುವ ಒಂದು ವೆಬ್ ಆಪ್ ಮಾಡಿಕೊಟ್ಟೆ. ಕೆಲಸ ಮುಗಿದ ಕೂಡಲೇ ಎಷ್ಟು ಹೊತ್ತು ಓಡಿತು, ಎಷ್ಟು ದುಡ್ಡು ಅಂತ ಗಿರಾಕಿಗೆ ವಾಟ್ಸಾಪ್‌ನಲ್ಲಿ ಒಂದು ಚೀಟಿ ಹೋಗುತ್ತದೆ.

ಶುರುವಿಗೆ ಮೊಮೆಂಟ್ ಹಾಕಿದೆ, ಯಾಕೆಂದರೆ ಹಳೆಯ ಕೆಲಸಗಳಲ್ಲಿ ಅದೇ ಅಭ್ಯಾಸ. ಅದರಲ್ಲಿ ಕನ್ನಡ ಇದೆ, ಅಂಕಿಗಳೂ ಕನ್ನಡದಲ್ಲೇ ಬರುತ್ತವೆ, ನೋಡಿ ಖುಷಿಯಾಯಿತು. ಮೂರನೇ ದಿನ ಒಬ್ಬರ ಹೊಲದಲ್ಲಿ 80 ನಿಮಿಷ ಓಡಿತು. ದುಡ್ಡಿನ ಲೆಕ್ಕ ನಿಮಿಷದ ಮೇಲೆ ಸರಿಯಾಗಿಯೇ ಬಂತು, 1,200 ರೂಪಾಯಿ. ಆದರೆ ಚೀಟಿಯಲ್ಲಿ ಹೊತ್ತು ‘ಒಂದು ಗಂಟೆ’ ಅಂತ ಇತ್ತು. ‘ಒಂದ್ ಗಂಟೆಗೆ ಒಂಬೈನೂರು ತಾನೇ, ಸಾವಿರದಿನ್ನೂರು ಯಾಕಣ್ಣ?’ ಅಂತ ಅವರು ಕೇಳಿದರು. ಕೇಳಿದ್ದು ನ್ಯಾಯವೇ ಅಲ್ವಾ? ಅದೇ ಸಂಜೆ ಇನ್ನೊಬ್ಬರದು 100 ನಿಮಿಷ, 1,500 ರೂಪಾಯಿ, ಚೀಟಿಯಲ್ಲಿ ‘೨ ಗಂಟೆ’. ಅವರು ಏನೂ ಕೇಳಲಿಲ್ಲ, ಕಮ್ಮಿ ಹಾಕಿದ್ದಾರೆ ಅಂದುಕೊಂಡು ಸುಮ್ಮನಾದರು. ಮಾರನೇ ದಿನ ಇಬ್ಬರೂ ಟೀ ಅಂಗಡಿಯಲ್ಲಿ ಸಿಕ್ಕಿ ಚೀಟಿ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಒಬ್ಬರಿಗೆ ಒಂದು ಗಂಟೆಗೆ ಸಾವಿರದಿನ್ನೂರು, ಇನ್ನೊಬ್ಬರಿಗೆ ಎರಡು ಗಂಟೆಗೆ ಸಾವಿರದೈನೂರು. ಇಪ್ಪತ್ತು ವರ್ಷದಿಂದ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಮಾಡದ ಮನುಷ್ಯ ಚಿಕ್ಕಪ್ಪ. ಅವರು ಆ ಇಬ್ಬರ ಮನೆಗೂ ಹೋಗಿ ವಿವರಿಸಿ ಬರಬೇಕಾಯಿತು.

ತಪ್ಪು ಮೊಮೆಂಟ್‌ನದಲ್ಲ, ನಾನು ಆರಿಸಿಕೊಂಡದ್ದು ತಪ್ಪು. ನಾನು ಬಳಸಿದ್ದು ಅದರೊಳಗಿನ ಹ್ಯೂಮನೈಜ್ ಅನ್ನುವ ಫಂಕ್ಷನ್, ಅದು ಇರುವುದೇ ಅಂದಾಜು ಹೇಳಲು. 45 ನಿಮಿಷದಿಂದ 89 ನಿಮಿಷದವರೆಗೆ ಎಲ್ಲವೂ ‘ಒಂದು ಗಂಟೆ’, 90 ಆದ ಕೂಡಲೇ ‘೨ ಗಂಟೆ’. ಒಂದು ನಿಮಿಷ ಜಾಸ್ತಿಯಾದರೆ ಓದುವವರ ಕಣ್ಣಿಗೆ ಒಂದು ಗಂಟೆಯೇ ಜಾಸ್ತಿ. ಈ ಗಡಿಗಳನ್ನು ಬದಲಾಯಿಸಬಹುದು, ಆದರೂ ಉತ್ತರದಲ್ಲಿ ಗಂಟೆಯೋ ನಿಮಿಷವೋ ಒಂದೇ ಇರುತ್ತದೆ, ಎರಡೂ ಸೇರಿ ಬರುವುದಿಲ್ಲ. ಫೋಟೋ ಹಾಕಿ ಎಷ್ಟು ಹೊತ್ತಾಯಿತು ಅಂತ ತೋರಿಸಲು ಚೆನ್ನಾಗಿದೆ, ದುಡ್ಡಿನ ಪಕ್ಕ ಮಾತ್ರ ಇಡಬೇಡಿ. ಅದೂ ಅಲ್ಲದೆ, ಹೊಸ ಕೆಲಸಕ್ಕೆ ಬೇರೆ ಲೈಬ್ರರಿ ನೋಡಿ ಅಂತ ಅದನ್ನು ನಡೆಸುವವರೇ 2020ರಲ್ಲಿ ಹೇಳಿದ್ದಾರೆ.

ಆಮೇಲೆ ಸಿಟ್ಟಿನಲ್ಲಿ ನಾನೇ ನಾಲ್ಕು ಸಾಲು ಬರೆದೆ. ಗಂಟೆಯನ್ನು ಕೆಳಕ್ಕೆ ಇಳಿಸಿ, ಉಳಿದ ನಿಮಿಷವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಮಾಡಿದೆ. 1 ಗಂಟೆ 59 ನಿಮಿಷ 40 ಸೆಕೆಂಡ್‌ಗೆ ಬಂದದ್ದು ‘1 ಗಂಟೆ 60 ನಿಮಿಷ’. ಮೊದಲು ಇಡೀ ಅವಧಿಯನ್ನು ನಿಮಿಷಕ್ಕೆ ಸರಿಮಾಡಿ ಆಮೇಲೆ ಗಂಟೆ ಬೇರೆ ಮಾಡಬೇಕಿತ್ತು.

ಡೇಟ್-ಎಫ್‌ಎನ್‌ಎಸ್‌ನಲ್ಲಿ ದಿನದ ಚೀಟಿ ಸರಿಯಾಗಿಯೇ ಬಂತು. ವಾರದ ಒಟ್ಟು ಲೆಕ್ಕದಲ್ಲಿ ಸಿಕ್ಕಿಕೊಂಡೆ. 26 ಗಂಟೆ ಓಡಿದ್ದನ್ನು ಅದು 1 ದಿನ, 2 ಗಂಟೆ ಅಂತ ಒಡೆಯುತ್ತದೆ. ನಾನು ಗಂಟೆ ಮತ್ತು ನಿಮಿಷ ಮಾತ್ರ ತೋರಿಸು ಅಂದಿದ್ದೆ, ಅದು ದಿನವನ್ನು ಬಿಟ್ಟು ಬರೀ 2 ಗಂಟೆ ತೋರಿಸಿತು. 24 ಗಂಟೆ ಮಾಯ, ಒಂದು ಎರರ್ ಕೂಡ ಇಲ್ಲ. ಗಿರಾಕಿಗೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ.

ಡ್ಯುರೇಶನ್‌ಫಾರ್ಮ್ಯಾಟ್ ಜಾವಾಸ್ಕ್ರಿಪ್ಟ್‌ನದೇ ಭಾಗ, ಬ್ರೌಸರ್ ಒಳಗೇ ಬರುತ್ತದೆ, ಏನೂ ಡೌನ್‌ಲೋಡ್ ಇಲ್ಲ, ಮುಂದಕ್ಕೆ ಎಲ್ಲರೂ ಇದನ್ನೇ ಬಳಸಬಹುದು. ಆದರೆ 90 ನಿಮಿಷ ಕೊಟ್ಟರೆ 90 ನಿಮಿಷ ಅಂತಲೇ ಹೇಳುತ್ತದೆ, ಒಡೆದು ಕೊಡುವುದು ನಮ್ಮ ಕೆಲಸ. ಒಂದೂವರೆ ನಿಮಿಷ ಅಂತ ದಶಮಾಂಶ ಕೊಟ್ಟರೆ ಎರರ್. ಕ್ರೋಮ್‌ಗೆ ಇದು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್‌ಗೆ 2025ರ ಮಾರ್ಚ್‌ನಲ್ಲಿ. ನಮ್ಮ ಡ್ರೈವರ್ ಫೋನಿನ ಕ್ರೋಮ್ ಅದಕ್ಕಿಂತ ಹಳೆಯದು, ಪುಟ ಖಾಲಿ ಬಂತು. ಅವರಿಗೆ ಹೊಸ ಫೋನ್ ಕೊಡಿಸುವ ಬಜೆಟ್ ನಮ್ಮದಲ್ಲ.

ಇನ್ನೊಂದು ಮಾತು. ಡ್ಯುರೇಶನ್‌ಫಾರ್ಮ್ಯಾಟ್‌ನಲ್ಲೂ ಡೇಟ್-ಎಫ್‌ಎನ್‌ಎಸ್‌ನಲ್ಲೂ ಸಿಗುವ ಕನ್ನಡ ‘3 ಗಂಟೆಗಳು, 20 ನಿಮಿಷಗಳು’ ಥರದ್ದು. ವ್ಯಾಕರಣ ತಪ್ಪಲ್ಲ, ಆದರೆ ಹೊಲದ ಬದುವಿನ ಮೇಲೆ ನಿಂತು ಯಾರು ಹಾಗೆ ಹೇಳುತ್ತಾರೆ? ಅಂಕಿ ಬಂದ ಮೇಲೆ ನಮಗೆ ‘ಗಳು’ ಬೇಕಿಲ್ಲ. ಮೂರು ಗಂಟೆ, ಇಪ್ಪತ್ತು ನಿಮಿಷ, ಅಷ್ಟೇ.

ಹ್ಯೂಮನೈಜ್-ಡ್ಯುರೇಶನ್ ನನಗೆ ಇಷ್ಟವಾದದ್ದು ಇಲ್ಲೇ. ಪದಗಳನ್ನು ನಾವೇ ಕೊಡಬಹುದು. ಗಂಟೆಗೆ ‘ಗಂಟೆ’, ನಿಮಿಷಕ್ಕೆ ‘ನಿಮಿಷ’, ಏಕವಚನ ಬಹುವಚನ ಎರಡಕ್ಕೂ ಅದೇ. ನಡುವಿನ ಕಾಮಾ ತೆಗೆದು ಬರೀ ಜಾಗ ಬಿಟ್ಟೆ. ಗಂಟೆ, ನಿಮಿಷ ಎರಡೇ ಸಾಕು ಅಂದೆ, 26 ಗಂಟೆ 26 ಗಂಟೆಯಾಗಿಯೇ ಉಳಿಯಿತು. ಪೂರ್ಣಾಂಕ ಮಾಡು ಅಂದರೆ 1 ಗಂಟೆ 59 ನಿಮಿಷ 40 ಸೆಕೆಂಡ್ ನೇರವಾಗಿ 2 ಗಂಟೆ ಆಗುತ್ತದೆ. ಆ ಆಯ್ಕೆ ಹಾಕದಿದ್ದರೆ ನಿಮಿಷ ದಶಮಾಂಶದಲ್ಲಿ ಬರುತ್ತದೆ, ಅದೊಂದು ನೆನಪಿರಲಿ. ತಿಂಗಳು, ವರ್ಷ ಬೇಕಾದವರು ಮಾತ್ರ ಹುಷಾರು: ತಿಂಗಳನ್ನು ಅದು 30.4375 ದಿನ ಅಂತ ಸರಾಸರಿಯಲ್ಲಿ ಹಿಡಿಯುತ್ತದೆ.

ಲೈಬ್ರರಿ ಯಾವುದಾದರೂ ಒಂದು ತೊಡಕು ನಾವೇ ಬಿಡಿಸಬೇಕು. ಚೀಟಿಯಲ್ಲಿ ‘ಕೆಲಸ: 2 ಗಂಟೆ’ ಅಂತ ಇದ್ದದ್ದನ್ನು ಒಬ್ಬಜ್ಜ ಮಧ್ಯಾಹ್ನ ಎರಡು ಗಂಟೆಗೆ ಶುರುವಾದ ಕೆಲಸ ಅಂತ ಓದಿಕೊಂಡರು. ಈಗ ‘ಗಾಡಿ ಓಡಿದ್ದು: 2 ಗಂಟೆ ಹೊತ್ತು’ ಅಂತ ಹಾಕಿದ್ದೇನೆ. ಒಂದೂವರೆ ಗಂಟೆ ಅಂತಲೇ ಬರಲಿ ಅಂತ ಚಿಕ್ಕಪ್ಪ ಕೇಳಿದರು. ಅದನ್ನು ಮಾಡಲಿಲ್ಲ, ‘1 ಗಂಟೆ 30 ನಿಮಿಷ’ ಅಂತಿದ್ದರೆ ಗಿರಾಕಿಯೇ ಕೂಡಿ ನೋಡಬಹುದು.