ಆಸ್ಟ್ರೇಲಿಯಾದಲ್ಲಿ ಮೊಲ ಸಾಕುವ ಕನ್ನಡಿಗರೇ, ಲಸಿಕೆಯ ಕಾರ್ಡನ್ನು ಸರಿಯಾಗಿ ಓದಿಕೊಳ್ಳಿ

ಆಸ್ಟ್ರೇಲಿಯಾದಲ್ಲಿ ಮೊಲ ಸಾಕಿರುವವರು, ಅಥವಾ ಮಕ್ಕಳ ಒತ್ತಾಯಕ್ಕೆ ಮಣಿದು ತರಲು ಹೊರಟಿರುವವರು, ಮಿಕ್ಸೊಮಟೋಸಿಸ್ ಎಂಬ ರೋಗದ ಬಗ್ಗೆ ಮೊದಲೇ ತಿಳಿದಿರಬೇಕು. ಮೆಲ್ಬರ್ನ್‌ನ ಹೊರವಲಯದಲ್ಲಿರುವ ನಮ್ಮ ಮನೆಯ ಬೆಳ್ಳಿ ಎಂಬ ಮೊಲ ಕಳೆದ ಬೇಸಿಗೆಯಲ್ಲಿ ಇದಕ್ಕೆ ಬಲಿಯಾಯಿತು. ಅದನ್ನು ಮಾರಿದ ಅಂಗಡಿಯವರು ಲಸಿಕೆಗಳೆಲ್ಲ ಆಗಿವೆ ಎಂದು ಹೇಳಿ ಕಾರ್ಡನ್ನೂ ಕೊಟ್ಟಿದ್ದರು. ಆದರೆ ಕಾರ್ಡಿನಲ್ಲಿ ನಮೂದಾಗಿದ್ದದ್ದು ಮೊಲಗಳಿಗೆ ಬರುವ ಇನ್ನೊಂದು ಮಾರಕ ರೋಗವಾದ ಕ್ಯಾಲಿಸಿವೈರಸ್‌ನ ಲಸಿಕೆ ಮಾತ್ರ. ಮಿಕ್ಸೊಮಟೋಸಿಸ್ ತಡೆಯುವ ಲಸಿಕೆ ಈ ದೇಶದಲ್ಲಿ ಸಾಕುಮೊಲಗಳಿಗೆ ಸಿಗುವುದೇ ಇಲ್ಲ ಎಂಬ ವಿಷಯವನ್ನು ಅವರು ಎತ್ತಲೇ ಇಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮ ಬಂಧುಗಳ ಮೊಲಕ್ಕೆ ಪ್ರತಿ ವರ್ಷ ಈ ಲಸಿಕೆ ಹಾಕಿಸುತ್ತಾರೆ. ಇಲ್ಲಿ ಇಲ್ಲದಿರುವುದಕ್ಕೆ ಇತಿಹಾಸದ ಕಾರಣವಿದೆ. ದಕ್ಷಿಣ ಅಮೆರಿಕದ ಕಾಡುಮೊಲಗಳಲ್ಲಿ ಚರ್ಮದ ಮೇಲೊಂದು ಸಣ್ಣ ಗಂಟನ್ನಷ್ಟೇ ಎಬ್ಬಿಸುವ ಮಿಕ್ಸೊಮಟೋಸಿಸ್ ವೈರಸ್, ಯುರೋಪ್ ಮೂಲದ ಮೊಲಗಳಿಗೆ ಮಾರಕವೆಂದು ತಿಳಿದ ಮೇಲೆ, ಬೆಳೆ ತಿನ್ನುವ ಕಾಡುಮೊಲಗಳನ್ನು ನಿಗ್ರಹಿಸಲು ವಿಜ್ಞಾನಿಗಳು 1950ರಲ್ಲಿ ಅದನ್ನು ಮರ್ರೆ ನದಿಯ ಕಣಿವೆಯಲ್ಲಿ ಬಿಟ್ಟರು. ಲಸಿಕೆಯಲ್ಲಿರುವುದು ಜೀವಂತ ವೈರಸ್ ಆದ್ದರಿಂದ ಅದು ಕಾಡುಮೊಲಗಳಿಗೆ ಹರಡಿ ಅವಕ್ಕೂ ರೋಗನಿರೋಧಕ ಶಕ್ತಿ ಬಂದೀತೆಂಬ ಆತಂಕದಿಂದ ಸರ್ಕಾರ ಇಂದಿಗೂ ಅನುಮತಿ ಕೊಟ್ಟಿಲ್ಲ. ರೈತರ ದೃಷ್ಟಿಯಿಂದ ಈ ವಾದ ನನಗೆ ಅರ್ಥವಾಗುತ್ತದೆ. ಮೊಲ ಕೊಳ್ಳುವವರಿಗೆ ಅದನ್ನು ತಿಳಿಸದೆ ಮಾರುವುದು ಮಾತ್ರ ಅರ್ಥವಾಗುವುದಿಲ್ಲ.

ಇನ್ನು ರೋಗದ ಲಕ್ಷಣಗಳಿಗೆ ಬರುತ್ತೇನೆ, ಏಕೆಂದರೆ ಮೋಸ ಹೋಗುವುದು ಅಲ್ಲಿಯೇ. ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ಮೊದಲ ಚಿಹ್ನೆ ಕಣ್ಣಿನಲ್ಲಿ ಕಾಣಿಸುತ್ತದೆ. ಬೆಳ್ಳಿಯ ಕಣ್ಣಂಚು ಕೆಂಪಾಗಿ ನೀರು ಸುರಿಯತೊಡಗಿದಾಗ ಹತ್ತಿರದ ಚಿಕಿತ್ಸಾಲಯದಲ್ಲಿ ತೋರಿಸಿದೆವು. ಒಣಹುಲ್ಲಿನ ಧೂಳಿನಿಂದ ಕಣ್ಣು ಬೇನೆ ಬಂದಿದೆ ಎಂದು ಕಣ್ಣಿನ ಹನಿ ಕೊಟ್ಟು ಕಳುಹಿಸಿದರು. ಮರುದಿನದ ಹೊತ್ತಿಗೆ ರೆಪ್ಪೆಗಳು ಊದಿ, ನೀರು ಹಾಲಿನಂತೆ ಬೆಳ್ಳಗಾಗಿ, ಅನಂತರ ಕೀವಾಗಿ ಅಂಟಿಕೊಂಡು ಕಣ್ಣು ತೆರೆಯಲಾಗದಂತಾಯಿತು. ಮೂಗು, ತುಟಿಗಳು ದಪ್ಪವಾದವು, ಕಿವಿಯ ಬುಡ ಕಡುಬಿನಂತೆ ಊದಿ ಕಿವಿಗಳು ಜೋತುಬಿದ್ದವು. ಎರಡನೆಯ ಪಶುವೈದ್ಯರು ಬೆಳ್ಳಿಯನ್ನು ಅಂಗಾತ ಹಿಡಿಸಿ ಜನನಾಂಗ ಮತ್ತು ಗುದದ ಸುತ್ತಲಿನ ಊತವನ್ನು ನೋಡಿದ ಕೂಡಲೇ ರೋಗದ ಹೆಸರು ಹೇಳಿದರು. ಧೂಳಿನಿಂದ ಕಣ್ಣು ಕೆಂಪಾಗಬಹುದು, ಆದರೆ ಆ ಭಾಗ ಊದುವುದಿಲ್ಲ. ಆದ್ದರಿಂದ ನಿಮ್ಮ ಮೊಲದ ಎರಡೂ ಕಣ್ಣುಗಳು ಕೆಂಪಾಗಿದ್ದರೆ, ಮೊಲಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರಿಗೇ ತೋರಿಸಿ, ಹಿಂಭಾಗವನ್ನೂ ಪರೀಕ್ಷಿಸುವಂತೆ ನೀವೇ ಕೇಳಿ.

ಮುಂದಿನ ಹಂತದಲ್ಲಿ ಜ್ವರ ಏರುತ್ತದೆ, ತಲೆ ಮತ್ತು ಮೈಮೇಲೆ ಗಂಟುಗಳು ಏಳುತ್ತವೆ, ವೈರಸ್‌ನಿಂದ ಕುಗ್ಗಿದ ದೇಹಕ್ಕೆ ಬ್ಯಾಕ್ಟೀರಿಯಾಗಳೂ ದಾಳಿಯಿಟ್ಟು ಉಸಿರಾಟವೇ ಕಷ್ಟವಾಗುತ್ತದೆ. ಕಣ್ಣು ಕಾಣದೆ, ಮೂಗು ಕಟ್ಟಿ, ವಾಸನೆ ತಿಳಿಯದೆ ಮೊಲ ಮೇವು ಬಿಡುತ್ತದೆ. ಮೇವು ಬಿಟ್ಟ ಮೊಲದ ಕರುಳು ಬಹಳ ಬೇಗ ಸ್ತಬ್ಧವಾಗುತ್ತದೆ. ವೈರಸ್‌ನ ತೀವ್ರ ತಳಿಯ ಸೋಂಕಾದರೆ ಎರಡು ವಾರದೊಳಗೆ ಸಾವು ಬರುತ್ತದೆ. ಸೌಮ್ಯ ತಳಿಯಾದರೆ ಕೆಲವು ವಾರ ನರಳಿ ಬದುಕುವುದೂ ಉಂಟು. ಗಂಟುಗಳು ಏಳುವ ಮೊದಲೇ, ಬರೀ ಕೆಂಗಣ್ಣು ಮತ್ತು ಮಂಕಿನಲ್ಲಿ ಮೊಲ ತೀರಿಕೊಳ್ಳುವ ಅತಿ ತೀವ್ರ ರೂಪವೂ ಇದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೋವುನಿವಾರಕ, ಆಂಟಿಬಯಾಟಿಕ್, ಸಿರಿಂಜಿನಲ್ಲಿ ಆಹಾರ, ಇಷ್ಟೇ ಚಿಕಿತ್ಸೆ. ಲಸಿಕೆ ಪಡೆಯದ ಮೊಲಕ್ಕೆ ದಯಾಮರಣವೇ ಕರುಣೆ ಎಂದು ವೈದ್ಯರು ತಿಳಿಸಿದಾಗ ನಾವು ಒಪ್ಪಿದೆವು.

ಸೊಳ್ಳೆಗಳೂ ಚಿಗಟಗಳೂ ಬಾಯಿಗೆ ಅಂಟಿದ ವೈರಸ್ಸನ್ನು ಒಂದು ಮೊಲದಿಂದ ಇನ್ನೊಂದಕ್ಕೆ ದಾಟಿಸುತ್ತವೆ. ರೋಗಿ ಮೊಲದ ನೇರ ಸಂಪರ್ಕದಿಂದಲೂ ಹರಡುತ್ತದೆ. ಬೆಳ್ಳಿ ಬೇರೆ ಯಾವ ಮೊಲವನ್ನೂ ಮುಟ್ಟಿರಲಿಲ್ಲ, ಹಿತ್ತಲಿನ ಗೂಡಿಗಿದ್ದದ್ದು ಅಂಗಡಿಯವರೇ ಕೊಟ್ಟ ಅಗಲ ಕಣ್ಣಿನ ಕೋಳಿ ಜಾಲರಿ. ಅದರಲ್ಲಿ ನರಿ ತೂರಲಾರದು, ಸೊಳ್ಳೆ ಸಲೀಸಾಗಿ ತೂರುತ್ತದೆ. ಕಿಟಕಿಗೆ ಹಾಕುವ ಸಣ್ಣ ಕಣ್ಣಿನ ಸೊಳ್ಳೆ ಜಾಲರಿಯನ್ನು ಗೂಡಿನ ಸುತ್ತ ಬಿಗಿಯಿರಿ, ನಸುಕು ಮತ್ತು ಮುಸ್ಸಂಜೆಯಲ್ಲಿ ಮೊಲವನ್ನು ಒಳಗಿಡಿ, ಕುಂಡದ ತಟ್ಟೆಗಳಲ್ಲಿ ನೀರು ನಿಲ್ಲಲು ಬಿಡಬೇಡಿ. ಚಿಗಟದ ಮದ್ದನ್ನು ವೈದ್ಯರಿಂದಲೇ ಪಡೆಯಿರಿ, ಏಕೆಂದರೆ ನಾಯಿಗಳಿಗೆ ಹಾಕುವ ಫಿಪ್ರೊನಿಲ್ ಮೊಲಗಳಿಗೆ ಪ್ರಾಣಾಪಾಯ ತರಬಲ್ಲದು.

ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು: ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಮರ್ರೆ ಕಣಿವೆಯಲ್ಲಿ ವೈರಸ್ ಹರಡುತ್ತಿದ್ದ ಕಾಲಕ್ಕೇ ಮನುಷ್ಯರಲ್ಲಿ ಮೆದುಳುಜ್ವರ ಕಾಣಿಸಿಕೊಂಡು, ಅದು ಈ ವೈರಸ್‌ನಿಂದಲೇ ಬಂತೇನೋ ಎಂದು ಜನ ಗಾಬರಿಯಾದಾಗ, ಫ್ರಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನಿಸ್ ರಾಸ್ ಎಂಬ ಮೂವರು ವಿಜ್ಞಾನಿಗಳು ಈ ವೈರಸ್ಸನ್ನು ತಮಗೇ ಚುಚ್ಚಿಕೊಂಡು ಏನೂ ಆಗುವುದಿಲ್ಲವೆಂದು ತೋರಿಸಿದ್ದರು.

ಬೆಳ್ಳಿಯ ಹಾಸು, ಒಣಹುಲ್ಲು ಮತ್ತು ಮರದ ಗೂಡನ್ನು ಯಾರಿಗೂ ಕೊಡದೆ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆವು, ತಟ್ಟೆಗಳನ್ನು ಬ್ಲೀಚಿನಲ್ಲಿ ನೆನೆಸಿಟ್ಟೆವು. ಬಳಸಿದ ಗೂಡುಗಳು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತವೆ. ಹಿಂದಿನ ಮೊಲ ಹೇಗೆ ಸತ್ತಿತು ಎಂದು ಕೇಳದೆ ಅವನ್ನು ಕೊಳ್ಳಬೇಡಿ.