‘ಕಮಿಷನ್ ಇಲ್ಲ’ ಅನ್ನೋ ಬೋರ್ಡಿನ ಕೆಳಗೆ 500 ಡಾಲರ್ ಕರಗಿದ್ದು ಹೀಗೆ

ವಿದೇಶಕ್ಕೆ ಹೊರಟವರಿಗೆ ಎಲ್ಲರೂ ಹೇಳುವುದು ಒಂದೇ ಮಾತು. ಜೇಬುಗಳ್ಳರು ಇರ್ತಾರೆ, ದುಡ್ಡು ಜೋಪಾನ. ನಮ್ಮ ದುಡ್ಡನ್ನು ಯಾವ ಜೇಬುಗಳ್ಳನೂ ಮುಟ್ಟಲಿಲ್ಲ. ಗಾಜಿನ ಕೌಂಟರಿನ ಹಿಂದೆ ಕೂತವರು ನಗುನಗುತ್ತಾ ತಗೊಂಡರು, ರಸೀದಿಯನ್ನೂ ಕೊಟ್ಟರು. ಕೇಳಿದರೆ ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆಯಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಪ್ಪನ ಜೊತೆ ಯೂರೋಪಿಗೆ ಹೋಗಿದ್ದೆ. ಯಾವ ಊರು, ಯಾವ ಕಂಪನಿ ಅನ್ನೋದು ಬೇಡ. ಇದೇ ಆಟವನ್ನು ಎಷ್ಟೋ ಕಡೆ ಆಡುತ್ತಾರೆ. ವಿಮಾನ ಇಳಿದಾಗ ರಾತ್ರಿಯಾಗಿತ್ತು. ಟ್ಯಾಕ್ಸಿಗೆ ಯೂರೋ ಬೇಕು. ಸಾಮಾನು ತಗೊಂಡು ಹೊರಗೆ ಬರುವ ದಾರಿಗೆ ಅಡ್ಡಲಾಗಿಯೇ ಎಕ್ಸ್‌ಚೇಂಜ್ ಕೌಂಟರ್. ಮೇಲೆ ಆಳೆತ್ತರದ ಅಕ್ಷರದಲ್ಲಿ ‘ಕಮಿಷನ್ ಇಲ್ಲ’ ಅಂತ ಬೋರ್ಡು.

“ಕಮಿಷನ್ ಇಲ್ವಂತೆ ನೋಡೋ, ಇಲ್ಲೇ ಮಾಡಿಸಿಬಿಡೋಣ” ಅಂದರು ಚಿಕ್ಕಪ್ಪ.

“ಸ್ವಲ್ಪ ತಡೀರಿ ಚಿಕ್ಕಪ್ಪ, ಒಟ್ಟು ಎಷ್ಟು ಬರುತ್ತೆ ಕೇಳ್ತೀನಿ” ಅನ್ನುವಷ್ಟರಲ್ಲಿ 500 ಡಾಲರ್ ಗಾಜಿನ ಕೆಳಗಿನ ಕಿಂಡಿ ದಾಟಿತ್ತು. ನಾನು ಕೇಳಿದೆ. ಕೌಂಟರಿನಲ್ಲಿ ಕೂತಿದ್ದಾಕೆ ಉತ್ತರ ಕೊಡಲಿಲ್ಲ. ಬೋರ್ಡಿನ ಕಡೆ ಬೆರಳು ತೋರಿಸಿ, ಇನ್ನೊಂದು ಕೈಯಲ್ಲಿ ಕೀಬೋರ್ಡ್ ಕುಟ್ಟುತ್ತಲೇ ಇದ್ದರು. ಅರೆ ನಿಮಿಷದಲ್ಲಿ ನೋಟುಗಳು ಬಂದವು. ರಸೀದಿ ಅವುಗಳ ಅಡಿಯಲ್ಲಿತ್ತು.

ಕೈಗೆ ಬಂದಿದ್ದು 395 ಯೂರೋ. ಅವತ್ತಿನ ಮಾರುಕಟ್ಟೆ ದರದಲ್ಲಿ 500 ಡಾಲರಿಗೆ ಸುಮಾರು 455 ಯೂರೋ ಆಗಬೇಕಿತ್ತು. ರಸೀದಿ ಬಿಡಿಸಿ ನೋಡಿದರೆ ವಿಷಯ ಗೊತ್ತಾಯಿತು. ಡಾಲರಿಗೆ 0.81ರ ಲೆಕ್ಕದಲ್ಲಿ 405 ಯೂರೋ. ಅದರಲ್ಲಿ 10 ಯೂರೋ ‘ಸರ್ವೀಸ್ ಚಾರ್ಜ್’. ಕಮಿಷನ್ ಇಲ್ಲ ಅಂದಿದ್ದರಲ್ಲಾ, ಇದೇನು ಅಂದೆ. ಇದು ಕಮಿಷನ್ ಅಲ್ಲ, ಸರ್ವೀಸ್ ಚಾರ್ಜ್ ಅಂದರು.

ಹಾಗಾದರೆ ಬೇಡ, ನಮ್ಮ ಡಾಲರ್ ನಮಗೆ ಕೊಡಿ ಅಂದೆ. ರಸೀದಿ ಪ್ರಿಂಟ್ ಆದ ಮೇಲೆ ಕ್ಯಾನ್ಸಲ್ ಆಗಲ್ಲವಂತೆ. ಬೇಕಾದರೆ ಡಾಲರನ್ನು ‘ಮಾರುವ ದರ’ಕ್ಕೆ ನಾವು ಮತ್ತೆ ಕೊಂಡುಕೊಳ್ಳಬಹುದಂತೆ. ಆ ದರ ಡಾಲರಿಗೆ 1.02 ಯೂರೋ. ಅಂದರೆ ಕಾಲು ಕದಲಿಸದೆ, ನಿಂತ ಜಾಗದಲ್ಲೇ 500 ಡಾಲರ್ ಕೊಟ್ಟು 387 ಡಾಲರ್ ವಾಪಸ್ ತಗೊಂಡ ಹಾಗೆ. ಅದರಲ್ಲೂ ಇನ್ನೊಂದು ಸರ್ವೀಸ್ ಚಾರ್ಜ್ ಬೀಳುತ್ತೆ.

ಇಲ್ಲಿ ಗಮನಿಸಬೇಕಾದ ವಿಷಯ ಈ ಎರಡು ದರಗಳೇ. ಬೋರ್ಡಿನಲ್ಲಿ ‘ಕೊಳ್ಳುವ’, ‘ಮಾರುವ’ ಅಂತ ಇರೋದು ಕೌಂಟರಿನವರ ಲೆಕ್ಕದಲ್ಲಿ. ನೀವು ಡಾಲರ್ ಕೊಟ್ಟರೆ ಅವರು ಕೊಳ್ಳುತ್ತಾರೆ, ಹಾಗಾಗಿ ನಿಮಗೆ ಅನ್ವಯಿಸೋದು ಕೊಳ್ಳುವ ದರ. ಎರಡೂ ದರಗಳನ್ನು ನೋಡಿ. ನಿಜವಾದ ದರ ಹೆಚ್ಚುಕಡಿಮೆ ಅವೆರಡರ ನಡುವೆ ಇರುತ್ತೆ. ನಮ್ಮ ಬೋರ್ಡಿನಲ್ಲಿ ಒಂದು 0.81, ಇನ್ನೊಂದು 1.02. ಅಂತರ ಅಷ್ಟು ಅಗಲ ಇದ್ದರೆ ಸುಮ್ನೆ ಮುಂದೆ ನಡೀರಿ, ಕಮಿಷನ್ ಬಗ್ಗೆ ಕೇಳುವ ಅಗತ್ಯವೂ ಇಲ್ಲ. ಅವರ ಲಾಭ ದರದ ಒಳಗೇ ಕೂತಿದೆ. ಕೆಲವು ಕಡೆ ಒಳ್ಳೆಯ ದರವನ್ನು ದೊಡ್ಡದಾಗಿ ಬರೆದು, ಅದು ದೊಡ್ಡ ಮೊತ್ತಕ್ಕೆ ಮಾತ್ರ ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಕೆಳಗೆ ಹಾಕಿರುತ್ತಾರೆ.

ಕೇಳಬೇಕಾದ ಪ್ರಶ್ನೆ ಒಂದೇ: “ಇಷ್ಟು ಕೊಟ್ಟರೆ, ಎಲ್ಲಾ ಕಳೆದು ನನ್ನ ಕೈಗೆ ಎಷ್ಟು ಬರುತ್ತೆ? ಬರೆದು ತೋರಿಸಿ.” ಉತ್ತರ ಬರುವ ತನಕ ನೋಟು ನಿಮ್ಮ ಕೈಯಲ್ಲೇ ಇರಲಿ. ಭಾಷೆ ಬರದಿದ್ದರೆ ಕ್ಯಾಲ್ಕುಲೇಟರ್ ಮುಂದೆ ತಳ್ಳಿ. ಬರೆದು ತೋರಿಸಲು ಹಿಂದೆಮುಂದೆ ನೋಡುವ ಕೌಂಟರಿನಲ್ಲಿ ವ್ಯವಹಾರವೇ ಬೇಡ.

ಎಲ್ಲಾ ದೇಶದಲ್ಲೂ ಹೀಗೇ ಅಂತಲ್ಲ. ಚೆಕ್ ದೇಶದಲ್ಲಿ ಪ್ರವಾಸಿಗರ ಗೋಳು ಜಾಸ್ತಿಯಾಗಿ 2019ರಲ್ಲಿ ಕಾನೂನನ್ನೇ ಬದಲಾಯಿಸಿದರು. ಅಲ್ಲಿ ಒಂದು ಮಿತಿಯೊಳಗಿನ ಮೊತ್ತವಾದರೆ, ಬದಲಾಯಿಸಿಕೊಂಡ ಮೂರು ಗಂಟೆಯೊಳಗೆ ರಸೀದಿ ಹಿಡಿದು ಹೋಗಿ ವ್ಯವಹಾರ ರದ್ದು ಮಾಡಿಸಬಹುದು. ನಾವಿದ್ದ ಕಡೆ ಆ ಭಾಗ್ಯ ಇರಲಿಲ್ಲ.

ಇನ್ನೊಂದು ಕಿರಿಕಿರಿ ಅಂದರೆ, ಆಕೆ ಕೊಟ್ಟಿದ್ದರಲ್ಲಿ ಒಂದು 200 ಯೂರೋ ನೋಟು. ಟ್ಯಾಕ್ಸಿಯವರು ತಗೊಳ್ಳಲಿಲ್ಲ. ಅಂಗಡಿಗಳ ಬಾಗಿಲಲ್ಲೇ ಅಂಥ ನೋಟಿನ ಚಿತ್ರಕ್ಕೆ ಅಡ್ಡಗೆರೆ ಹೊಡೆದು ಅಂಟಿಸಿರುತ್ತಾರೆ. 500 ಯೂರೋ ನೋಟನ್ನಂತೂ 2019ರಿಂದ ಹೊಸದಾಗಿ ಬಿಡುತ್ತಲೇ ಇಲ್ಲ, ಚಲಾವಣೆ ಇದ್ದರೂ ಕಂಡರೆ ಜನ ಹಿಂದೆ ಸರಿಯುತ್ತಾರೆ. ದುಡ್ಡು ಕೊಡುವ ಮುಂಚೆಯೇ 10, 20, 50ರ ನೋಟುಗಳು ಬೇಕು ಅಂತ ಹೇಳಿ.

ಟ್ರಾವೆಲರ್ಸ್ ಚೆಕ್ಕಿನದು ಬೇರೆಯೇ ಕಥೆ. ಪ್ರವಾಸದಲ್ಲಿ ನಗದಿನ ಬದಲು ಬಳಸಲು ಮೊದಲೇ ದುಡ್ಡು ಕೊಟ್ಟು ಕೊಳ್ಳುವ ಚೆಕ್ಕು ಅದು. ಚಿಕ್ಕಪ್ಪನ ಹತ್ತಿರ ಹಿಂದೊಂದು ಪ್ರವಾಸದಲ್ಲಿ ಉಳಿದ ಡಾಲರ್ ಚೆಕ್ಕುಗಳ ಕಂತೆ ಇತ್ತು. “ಇದು ಕ್ಯಾಶ್ ಇದ್ದ ಹಾಗೇ ಕಣೋ. ಕಳೆದುಹೋದರೂ ದುಡ್ಡು ವಾಪಸ್ ಬರುತ್ತೆ” ಅಂತ ಅವರ ಧೈರ್ಯ. ಒಂದು ಕಾಲಕ್ಕೆ ಅದು ನಿಜವೇ. 1890ರ ಸುಮಾರಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಮುಖ್ಯಸ್ಥ ಜೇಮ್ಸ್ ಫಾರ್ಗೋ ಯೂರೋಪಿಗೆ ಹೋಗಿದ್ದರು. ಬ್ಯಾಂಕಿನ ‘ಲೆಟರ್ ಆಫ್ ಕ್ರೆಡಿಟ್’ (ತೋರಿಸಿದರೆ ಬೇರೆ ಊರಿನ ಬ್ಯಾಂಕಿನಲ್ಲೂ ನಗದು ಸಿಗಬೇಕಾದ ಪತ್ರ) ಕೈಯಲ್ಲಿದ್ದರೂ, ದೊಡ್ಡ ನಗರಗಳ ಆಚೆ ಅದಕ್ಕೆ ನಗದು ಕೊಡುವವರಿಲ್ಲದೆ ಒದ್ದಾಡಿ ಬಂದರು. ಆ ಸಿಟ್ಟಿನಲ್ಲಿ ಹುಟ್ಟಿದ್ದು ಆ ಕಂಪನಿಯ ಟ್ರಾವೆಲರ್ಸ್ ಚೆಕ್, 1891ರಲ್ಲಿ. ಕೊಳ್ಳುವಾಗ ಮೇಲೆ ಒಂದು ಸಹಿ, ಖರ್ಚು ಮಾಡುವಾಗ ಎದುರಿನವರ ಕಣ್ಣ ಮುಂದೆ ಕೆಳಗೆ ಇನ್ನೊಂದು ಸಹಿ. ಎರಡೂ ಹೊಂದಿದರೆ ದುಡ್ಡು. ಕದ್ದವನಿಗೆ ಪ್ರಯೋಜನವಿಲ್ಲ. ಬಹಳ ಜಾಣ ಉಪಾಯ, ಒಪ್ಪಲೇಬೇಕು. ಈಗ ಕಾರ್ಡು, ಎಟಿಎಂ ಬಂದು ಆ ಚೆಕ್ಕು ಹಿಡಿದವರಿಗೇ ಫಾರ್ಗೋ ಪಟ್ಟ ಪಾಡು ಬಂದಿದೆ.

ಹೋಟೆಲಿನವರು ನೋಡಿಯೇ ಕೈ ಆಡಿಸಿದರು. ಎಕ್ಸ್‌ಚೇಂಜ್ ಕೌಂಟರಿನವರು ಇಂಥದ್ದನ್ನು ತಗೊಳ್ಳುವುದು ಬಿಟ್ಟು ಯಾವುದೋ ಕಾಲವಾಯಿತು ಅಂದರು. ಒಂದು ಬ್ಯಾಂಕಿನಲ್ಲಿ ನಮ್ಮಲ್ಲಿ ಖಾತೆ ಇದ್ದವರಿಗೆ ಮಾತ್ರ ಅಂದರು. ಇನ್ನೊಂದು ಬ್ಯಾಂಕಿನಲ್ಲಿ ಬಹಳ ಹೊತ್ತು ಕೂರಿಸಿ, ಕೊನೆಗೆ ಒಳಗೆ ಕರೆದರು. ಅಲ್ಲಿ ನಡೆದಿದ್ದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಕೆಲಸ ಬೇಗ ಆಗಲಿ ಅಂತ ಚಿಕ್ಕಪ್ಪ ರೂಮಿನಲ್ಲೇ ಎರಡು ಚೆಕ್ಕಿಗೆ ಕೆಳಗಿನ ಸಹಿ ಹಾಕಿಕೊಂಡು ಬಂದಿದ್ದರು. ಗುಮಾಸ್ತ ಅವೆರಡನ್ನೂ ಮೊದಲೇ ಪಕ್ಕಕ್ಕಿಟ್ಟ. ನನ್ನ ಮುಂದೆ ಹಾಕಿದ ಸಹಿ ಅಲ್ಲ, ಆಗಲ್ಲ. ಉಳಿದವಕ್ಕೆ ಅವನ ಎದುರೇ ಸಹಿ ಮಾಡಿದರು. ಮೇಲಿನ ಸಹಿ ಎಷ್ಟೋ ವರ್ಷದ ಹಿಂದಿನದು, ಒಂದೇ ಎಳೆತದಲ್ಲಿ ಎಳೆದದ್ದು. ಈಗ ಅವರ ಕೈ ನಡುಗುತ್ತದೆ. ಗುಮಾಸ್ತ ಚೆಕ್ಕನ್ನು ಬೆಳಕಿಗೆ ಹಿಡಿದು ಮೇಲೆ ಕೆಳಗೆ ನೋಡಿದ. ಪಾಸ್‌ಪೋರ್ಟ್ ಕೇಳಿದ. ಬೇರೆ ಹಾಳೆಯಲ್ಲಿ ಮತ್ತೆ ಮತ್ತೆ ಸಹಿ ಮಾಡಿಸಿದ. “ಇದು ನನ್ನದೇ ಸಹಿ ಕಣಪ್ಪಾ” ಅಂತ ಚಿಕ್ಕಪ್ಪ ಕನ್ನಡದಲ್ಲೇ ಹೇಳಿಬಿಟ್ಟರು ಪಾಪ. ಕೊನೆಗೆ ಒಂದೇ ಒಂದು ಚೆಕ್ಕು ಪಾಸಾಯಿತು. ಅದಕ್ಕೂ ಫೀಸು ಹಿಡಿದರು.

ನಿಮ್ಮ ಮನೆಯ ಬೀರುವಿನಲ್ಲೂ ಇಂಥ ಚೆಕ್ಕು ಬಿದ್ದಿರಬಹುದು. ಬಿಸಾಡಬೇಡಿ. ಅಮೆರಿಕನ್ ಎಕ್ಸ್‌ಪ್ರೆಸ್ ಚೆಕ್ಕುಗಳಿಗಂತೂ ಅವಧಿ ಮುಗಿಯುವುದು ಅಂತಿಲ್ಲ. ಆದರೆ ಪ್ರವಾಸದಲ್ಲಿ ಖರ್ಚು ಮಾಡುತ್ತೇನೆ ಅನ್ನೋ ನಂಬಿಕೆಯಲ್ಲಿ ತಗೊಂಡು ಹೋಗಬೇಡಿ. ಹೊರಡುವ ಮುಂಚೆಯೇ ಚೆಕ್ಕು ಕೊಟ್ಟ ಕಂಪನಿಯನ್ನು ನೇರವಾಗಿ ಸಂಪರ್ಕಿಸಿ ದುಡ್ಡು ಮಾಡಿಸಿಕೊಳ್ಳಿ. ಅವರು ಹೇಳುವ ತನಕ ಎರಡನೇ ಸಹಿ ಹಾಕಬೇಡಿ. ಚೆಕ್ಕಿನ ನಂಬರುಗಳನ್ನೂ ಕೊಂಡಾಗಿನ ರಸೀದಿಯನ್ನೂ ಚೆಕ್ಕಿನ ಜೊತೆಗೇ ಇಡಬೇಡಿ. ಕಳೆದುಹೋದಾಗ ದುಡ್ಡು ವಾಪಸ್ ಕೇಳಲು ಬೇಕಾಗೋದು ಅವೇ. ಎರಡೂ ಒಂದೇ ಪರ್ಸಿನಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ತೀರಿಕೊಂಡವರ ಹೆಸರಿನ ಚೆಕ್ಕಿದ್ದರೆ ನೀವು ಸಹಿ ಹಾಕಲು ಹೋಗಬೇಡಿ, ವಾರಸುದಾರರು ಏನು ಮಾಡಬೇಕು ಅಂತ ಕಂಪನಿಯನ್ನೇ ಕೇಳಿ.

ಹಳೇ ನೋಟಿನ ವಿಷಯವೂ ಹೀಗೇ. ಯಾರೋ ನೆಂಟರು “ನಮ್ಮ ಹತ್ರ ಪೌಂಡ್ ಇದೆ, ತಗೊಂಡು ಹೋಗಿ” ಅಂತ ಪ್ರೀತಿಯಿಂದ ಕೊಡುತ್ತಾರೆ. ಕಾಗದದ 20 ಮತ್ತು 50 ಪೌಂಡ್ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಾಯಿಸಿಕೊಡುತ್ತದೆ, ಅಂಗಡಿಯವರು ತಗೊಳ್ಳಲ್ಲ. ಸ್ವಿಟ್ಜರ್ಲೆಂಡಿನ ಹಿಂದಿನ ಸರಣಿಯ ನೋಟುಗಳನ್ನು 2021ರಲ್ಲಿ ವಾಪಸ್ ಕರೆಸಿಕೊಂಡರು. ಅಮೆರಿಕದ ಡಾಲರ್ ಮಾತ್ರ ಎಷ್ಟೇ ಹಳೆಯದಾದರೂ ಆ ದೇಶದಲ್ಲಿ ಚಲಾವಣೆ ಕಳೆದುಕೊಳ್ಳುವುದಿಲ್ಲ. ಆದರೆ ಬೇರೆ ದೇಶಗಳ ಕೌಂಟರುಗಳಲ್ಲಿ ಪೆನ್ನಿನ ಗೀಟು, ಸಣ್ಣ ಹರಕು, ಚಿತ್ರದಲ್ಲಿ ಮುಖ ಸಣ್ಣದಾಗಿರುವ ಹಳೇ ನೋಟು ಕಂಡರೆ ಮೂಗು ಮುರಿಯುತ್ತಾರೆ, ಇಲ್ಲವೇ ದರ ಕಡಿಮೆ ಮಾಡುತ್ತಾರೆ. ಡಾಲರ್ ಕೊಳ್ಳುವಾಗ ಒಂದೊಂದೇ ನೋಟು ತಿರುಗಿಸಿ ನೋಡಿ ತಗೊಳ್ಳಿ.

ಉಳಿದ ಚಿಲ್ಲರೆಯನ್ನು ಅಲ್ಲೇ ಮುಗಿಸಿಬಿಡಿ, ನಾಣ್ಯವನ್ನು ಎಕ್ಸ್‌ಚೇಂಜ್ ಕೌಂಟರಿನವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಟ್ಯುನೀಷಿಯಾದ ದಿನಾರ್ ಥರದ ಕೆಲವು ಕರೆನ್ಸಿಗಳನ್ನು ದೇಶದ ಹೊರಗೆ ಒಯ್ಯುವಂತೆಯೇ ಇಲ್ಲ. ಅಂಥ ಕಡೆ ಬದಲಾಯಿಸಿಕೊಂಡ ರಸೀದಿ ಇಟ್ಟುಕೊಂಡಿದ್ದರೆ ವಾಪಸ್ ಮಾಡಿಸುವಾಗ ತಕರಾರು ಇರುವುದಿಲ್ಲ. ದೊಡ್ಡ ಮೊತ್ತ ಒಯ್ಯುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಅಮೆರಿಕಕ್ಕೆ ಹೋಗುವಾಗ 10,000 ಡಾಲರಿಗಿಂತ ಜಾಸ್ತಿ, ಯೂರೋಪಿಯನ್ ಒಕ್ಕೂಟಕ್ಕಾದರೆ 10,000 ಯೂರೋ ಅಥವಾ ಜಾಸ್ತಿ ಇದ್ದರೆ ಕಸ್ಟಮ್ಸಿನವರಿಗೆ ಬರೆದುಕೊಡಬೇಕು. ಟ್ರಾವೆಲರ್ಸ್ ಚೆಕ್ಕೂ ಆ ಲೆಕ್ಕಕ್ಕೆ ಸೇರುತ್ತೆ. ಒಯ್ಯುವುದು ತಪ್ಪಲ್ಲ, ಹೇಳದೆ ಒಯ್ಯುವುದು ತಪ್ಪು.

ಹಾಗಾದರೆ ಕಾರ್ಡೇ ಸಾಕಲ್ವಾ ಅಂದರೆ, ಅಲ್ಲೂ ಒಂದು ಬಲೆ ಇದೆ. ಎಟಿಎಂನಲ್ಲಿ ದುಡ್ಡು ತೆಗೆಯುವಾಗ ಕೊನೆಯಲ್ಲಿ ಒಂದು ಪರದೆ ಬರುತ್ತದೆ. ನಿಮ್ಮ ದೇಶದ ಕರೆನ್ಸಿಯಲ್ಲಿ ಲೆಕ್ಕ ಹಾಕಿ ತೋರಿಸಿ, ಒಪ್ಪುತ್ತೀರಾ ಅಂತ ಕೇಳುತ್ತದೆ. ‘ಒಪ್ಪಿಗೆ’ ಬಟನ್ನು ಹಸಿರು, ದೊಡ್ಡದು. ‘ಬೇಡ’ ಅನ್ನೋದು ಮೂಲೆಯಲ್ಲಿ ಬೂದುಬಣ್ಣದಲ್ಲಿ. ಬೇಡ ಅಂದರೆ ದುಡ್ಡೇ ಬರಲ್ಲ ಅನ್ನೋ ಭಯ ಹುಟ್ಟಿಸುವ ಹಾಗೆ ಬರೆದಿರುತ್ತಾರೆ. ಬೇಡ ಅನ್ನಿ, ದುಡ್ಡು ಬರುತ್ತೆ. ಪರಿವರ್ತನೆ ಮಾತ್ರ ಆ ಎಟಿಎಂನವರ ದರದಲ್ಲಿ ಆಗದೆ ನಿಮ್ಮ ಕಾರ್ಡಿನ ದರದಲ್ಲಿ ಆಗುತ್ತೆ. ಅದು ಸಾಮಾನ್ಯವಾಗಿ ಎಷ್ಟೋ ಮೇಲು.

ಅಂಗಡಿಯಲ್ಲಿ ಇನ್ನೂ ಮೋಸ. ಅಲ್ಲಿ ಆ ಬಟನ್ನನ್ನು ಗಿರಾಕಿಯ ಬದಲು ಅವರೇ ಒತ್ತಿಬಿಡುತ್ತಾರೆ. ನಮಗೆ ಹಾಗೇ ಆಯಿತು. ಅಂಗಡಿಯವನು ಕಾರ್ಡಿನ ಮೆಷಿನ್ನನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಒತ್ತಿ, ಪಿನ್ ಹಾಕಲು ಮಾತ್ರ ನಮ್ಮ ಕಡೆ ತಿರುಗಿಸಿದ. ಸ್ಲಿಪ್ಪಿನಲ್ಲಿ ಯೂರೋ ಮೊತ್ತದ ಕೆಳಗೆ ನಮ್ಮ ಕರೆನ್ಸಿಯ ಮೊತ್ತ, ಅದರ ಕೆಳಗೆ “ನನಗೆ ಕರೆನ್ಸಿಯ ಆಯ್ಕೆ ಕೊಡಲಾಗಿತ್ತು, ಇದನ್ನು ನಾನೇ ಆರಿಸಿಕೊಂಡೆ” ಅನ್ನೋ ಅರ್ಥದ ಸಾಲು. ಯಾರೂ ಕೇಳಿರಲೇ ಇಲ್ಲ! ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮದಲ್ಲೂ ಆಯ್ಕೆ ಮಾಡಬೇಕಾದವರು ಕಾರ್ಡಿನವರೇ. ಹಾಗಾಗಿ ಪಿನ್ ಒತ್ತುವ ಮುಂಚೆ ಪರದೆಯಲ್ಲಿ ಯಾವ ಕರೆನ್ಸಿ ಇದೆ ನೋಡಿ. ನಿಮ್ಮ ದೇಶದ್ದಿದ್ದರೆ ರದ್ದು ಮಾಡಿ, ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಹಾಕಲು ಹೇಳಿ.

ಆಗಿಹೋಗಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿಗೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ, ಇನ್ನೂ ವಿಚಾರಣೆಯಲ್ಲಿದೆ. ಬ್ಯಾಂಕಿನವರು ಮೊದಲು ಕೇಳಿದ್ದೇ ಆ ಸ್ಲಿಪ್ಪನ್ನು. ಅದು ಬಿಸಿಗೆ ಮಾಸುವ ಕಾಗದ, ಪರ್ಸಿನಲ್ಲಿಟ್ಟು ಮನೆಗೆ ಬರುವಷ್ಟರಲ್ಲಿ ಅರ್ಧ ಅಳಿಸಿರುತ್ತೆ. ಸ್ಲಿಪ್ಪು ಕೈಗೆ ಬಂದ ತಕ್ಷಣ ಫೋಟೋ ತೆಗೆದಿಟ್ಟುಕೊಳ್ಳಿ.