ಟ್ಯುಲಿಪ್, ಚಿಟ್ಟೆ, ಕಪ್ಪೆ, ಮಾವಿನ ಎಲೆ: ಪುಟ್ಟ ಕೈಗೆ ಯಾವುದು ಸಲೀಸು?

ಯುಗಾದಿಗೆ ಹತ್ತು ದಿನ ಇರುವಾಗ ತಮ್ಮನ ಮಗ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ನಮ್ಮ ಮನೆಗೆ ಬಂದ. ಅವನಿಗೆ ಐದು ವರ್ಷ. ನನ್ನ ಮಗಳಿಗೆ ಏಳು, ಪಕ್ಕದ ಮನೆ ಕೂಸಿಗೆ ನಾಲ್ಕು. ಮಾವಿನ ಮರದಲ್ಲಿ ಹೂವು ಉದುರಿ ಮಿಡಿ ಕಾಣುವ ಹೊತ್ತು. ಮೂವರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ದಿನಾ ಸಂಜೆ ಒರಿಗಾಮಿ ಮಾಡಿಸಿದೆ. ಜಪಾನಿ ಭಾಷೆಯಲ್ಲಿ ಒರಿ ಅಂದರೆ ಮಡಿಸುವುದು, ಕಾಮಿ ಅಂದರೆ ಕಾಗದ. ವಸಂತಕ್ಕೆ ಹೊಂದುವ ಐದು ಮಾದರಿ ಆರಿಸಿಕೊಂಡಿದ್ದೆ.

ನಾನು ಗಮನಿಸಿದ್ದು ಒಂದೇ ವಿಷಯ. ಕೊನೆಯ ಮಡಿಕೆಯವರೆಗೂ ಕಾಗದ ಮಗುವಿನ ಕೈಯಲ್ಲೇ ಇತ್ತಾ, ಇಲ್ಲ ನಡುವೆ ನನ್ನ ಕೈಗೆ ಬಂತಾ? ನಾವೇ ಮಡಿಸಿಕೊಟ್ಟರೆ ಅದು ನಮ್ಮ ಹೂವು. ಮಗು ಅದನ್ನು ಎರಡು ನಿಮಿಷಕ್ಕೆ ಬಿಟ್ಟು ಎದ್ದುಹೋಗುತ್ತದೆ.

ಮೊದಲು ಕಾಗದದ ಮಾತು. ಮೊದಲ ದಿನ "ಒಂದು ಹಾಳೆ ತಾ" ಅಂದಿದ್ದಕ್ಕೆ ಪಕ್ಕದ ಮನೆ ಕೂಸು ಹಿತ್ತಿಲಿಗೆ ಓಡಿ ಅಡಿಕೆ ಹಾಳೆ ಎಳೆದುಕೊಂಡು ಬಂತು. ನಮ್ಮ ಕಡೆ ಅದೂ ಹಾಳೆಯೇ ಅಲ್ವಾ! ನಾನು ಹೋಲಿಸಿ ನೋಡಿದ್ದು ಮೂರು ಕಾಗದ. ಹಳೆ ಕ್ಯಾಲೆಂಡರ್ ದಪ್ಪ, ಮಡಿಸಿದಲ್ಲಿ ಬಣ್ಣ ಒಡೆದು ಬಿಳಿ ಗೆರೆ ಬೀಳುತ್ತದೆ, ಮಕ್ಕಳ ಬೆರಳಿಗೆ ಬಗ್ಗುವುದೂ ಇಲ್ಲ. ಗ್ಲೇಜ್ ಪೇಪರ್ ತೆಳು, ಮಡಿಕೆ ಚೆನ್ನಾಗಿ ಕೂರುತ್ತದೆ. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ ಇರುವುದರಿಂದ "ಬಿಳಿ ಮೇಲಿರಲಿ" ಅಂದರೆ ಸಾಕು, ನಾಲ್ಕು ವರ್ಷದವರಿಗೂ ತಿಳಿಯುತ್ತದೆ. ಆದರೆ ಎರಡು ಸಲ ಬಿಚ್ಚಿ ಮಡಿಸಿದರೆ ಹರಿಯುತ್ತದೆ. ಎ4 ಕಾಗದದಿಂದ 21 ಸೆಂಟಿಮೀಟರಿನ ಚೌಕ ಸಿಗುತ್ತದೆ, ಎಷ್ಟು ಸಲ ತಪ್ಪಿದರೂ ತಡೆಯುತ್ತದೆ. ಒರಿಗಾಮಿಗೆಂದೇ ಮಾರುವ ಕಾಗದ ಹೆಚ್ಚಾಗಿ 15 ಸೆಂಟಿಮೀಟರಿನದು, ಕಲಿಯುವವರಿಗೆ ಅದು ಚಿಕ್ಕದಾಯಿತು. ಎ4 ಹಾಳೆಯಲ್ಲಿ ಕಲಿಸಿ, ಕೈ ಕೂತ ಮೇಲೆ ಗ್ಲೇಜ್ ಪೇಪರ್ ಕೊಡಿ.

ಐದರಲ್ಲಿ ಮೊದಲು ಕೈಗೆತ್ತಿಕೊಂಡದ್ದು ಚಪ್ಪಟೆ ಟ್ಯುಲಿಪ್. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ತುದಿ ಮೇಲಿರಲಿ. ಕೆಳಗಿನ ಎರಡೂ ಮೂಲೆಗಳನ್ನು ಸ್ವಲ್ಪ ಓರೆಯಾಗಿ ಮೇಲಕ್ಕೆ ಮಡಿಸಿ. ಮೂರೇ ಮಡಿಕೆ, ಹೂವು ತಯಾರು.

ನಾಲ್ಕು ವರ್ಷದ ಕೂಸು ಇದನ್ನು ಮಾಡಿದ್ದು ನೋಡಬೇಕಿತ್ತು. ನಾಲಿಗೆಯ ತುದಿ ಹೊರಗೆ. ಎಡಗೈಯಲ್ಲಿ ಕೂಡಿಸಿದ ಮೂಲೆ ಬಲಗೈ ಗೆರೆ ಒತ್ತಲು ಹೋದ ಕೂಡಲೇ ಜಾರುತ್ತಿತ್ತು. ಎರಡು ಸಲ ಹಾಗೇ ಆಯಿತು. ಮೂರನೇ ಸಲ ಮೂಲೆಯ ಮೇಲೆ ಚೌಕಾಬಾರದ ಕವಡೆ ಇಟ್ಟುಕೊಡೋಣ ಅಂತ ಕೈ ಚಾಚಿದೆ. ಅದು ಕವಡೆ ಇಸಿದುಕೊಂಡು, ಮೂಲೆಯನ್ನು ಎಡ ಅಂಗೈಯಲ್ಲಿ ಅದುಮಿ ಹಿಡಿದು, ಕವಡೆಯ ನುಣುಪು ಬೆನ್ನಿನಿಂದ ಮಡಿಕೆಯನ್ನು ಉಜ್ಜಿತು. ಗೆರೆ ಚೂಪಾಗಿ ಬಿತ್ತು! ಆಮೇಲೆ ಮೂವರಿಗೂ ಕವಡೆಯೇ ಬೇಕಾಯಿತು. ಉಗುರಿನಿಂದ ಒತ್ತುವ ಬಲ ಆ ವಯಸ್ಸಿಗೆ ಇರುವುದಿಲ್ಲ, ಕವಡೆಯೋ ಚಮಚದ ಬೆನ್ನೋ ಇದ್ದರೆ ಅರ್ಧ ಕಷ್ಟ ಕಡಿಮೆ.

ಟ್ಯುಲಿಪ್ ನಮ್ಮ ಊರಿನ ಹೂವಲ್ಲ. ಕೆಂಪು ಕಾಗದದಲ್ಲಿ ಮಾಡಿದ್ದನ್ನು ಎತ್ತಿ ಹಿಡಿದು ಮಾಣಿ, "ಅತ್ತೆ, ಇದು ದಾಳಿಂಬೆ ಹೂವು ಅಲ್ದಾ?" ಅಂದ. ಹೌದು, ಮೂರು ಮೊನೆಯ ಆ ಬಾಯಿ ದಾಳಿಂಬೆ ಹೂವಿನದೇ. ಅಂದಿನಿಂದ ನಮ್ಮನೆಯಲ್ಲಿ ಅದರ ಹೆಸರು ದಾಳಿಂಬೆ ಹೂವು. ದಂಟು ಮಾಡುವುದಕ್ಕೆ ಏಳು ಮಡಿಕೆ ಬೇಕು, ಅದು ಮಗಳಿಗೆ ಮಾತ್ರ ಬಂತು. ಚಿಕ್ಕವರಿಗೆ ತೆಂಗಿನ ಗರಿಯ ಕಡ್ಡಿ ಕೊಟ್ಟೆ.

ಊದುವ ಟ್ಯುಲಿಪ್ ಇದರ ಅಕ್ಕ. ಮುಗಿದ ಮೇಲೆ ಕಾಣಲು ಐದರಲ್ಲಿ ಇದೇ ಚಂದ. ಬುಡದ ತೂತಿಗೆ ಬಾಯಿಟ್ಟು ಊದಿದರೆ ಮೊಗ್ಗು ಉಬ್ಬುತ್ತದೆ, ಆಮೇಲೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎಸಳು ಬಿಡಿಸಬೇಕು. ಆದರೆ ಊದುವ ಮೊದಲು ಒಂದು ಅಂಚನ್ನು ಇನ್ನೊಂದರೊಳಗೆ ತೂರಿಸಬೇಕು. ಅದು ಮಗಳ ಕೈಲೂ ಆಗಲಿಲ್ಲ. ಮೂರೂ ಹೂವುಗಳನ್ನು ನಾನೇ ಮುಗಿಸಿದೆ, ಅವರು ಊದಿದರು ಅಷ್ಟೇ. ಎಂಟು ವರ್ಷದೊಳಗಿನವರಿಗೆ ನಾನು ಇದನ್ನು ಹೇಳುವುದಿಲ್ಲ.

ಚಿಟ್ಟೆಯ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತು. ಕಷ್ಟ ಆಗಬಹುದು ಅಂದುಕೊಂಡಿದ್ದೆ. ಇದರಲ್ಲಿ ಎರಡು ಓರೆ ಗೆರೆ ಒಂದು ಕಡೆಗೆ, ಒಂದು ಅಡ್ಡ ಗೆರೆ ಅದಕ್ಕೆ ಉಲ್ಟಾ ಮಡಿಸಬೇಕು. ಅಕಿರಾ ಯೋಶಿಜಾವಾ (1911–2005) ಅನ್ನುವ ಜಪಾನಿನ ದೊಡ್ಡ ಕಲಾವಿದರು ಇದನ್ನೆಲ್ಲ ಚಿತ್ರದಲ್ಲಿ ತೋರಿಸಲು ಗೆರೆಗಳದೇ ಭಾಷೆ ಮಾಡಿದರು. ತುಂಡು ತುಂಡು ಗೆರೆ ಅಂದರೆ ಕಣಿವೆ, ಗೆರೆ ಕೆಳಕ್ಕೆ ತಗ್ಗುವ ಮಡಿಕೆ. ತುಂಡುಗಳ ನಡುವೆ ಚುಕ್ಕಿ ಇದ್ದರೆ ಬೆಟ್ಟ, ಗೆರೆ ಮೇಲಕ್ಕೆ ಉಬ್ಬುವ ಮಡಿಕೆ. ನಾನು ಮಕ್ಕಳಿಗೆ ಹಳ್ಳ, ಗುಡ್ಡ ಅಂದೆ. ಘಟ್ಟ ಹತ್ತಿ ಬಂದ ಮಾಣಿಗೆ ಬೇರೆ ವಿವರಣೆ ಬೇಕಾಗಲಿಲ್ಲ. "ಓರೆ ಎರಡೂ ಹಳ್ಳ, ಅಡ್ಡ ಗುಡ್ಡ" ಅಂತ ಹೇಳಿಕೊಳ್ಳುತ್ತಲೇ ಮಡಿಸಿದ. ಅಡ್ಡ ಗೆರೆಯ ಎರಡು ತುದಿ ಒಳಕ್ಕೆ ತಳ್ಳಿದಾಗ ಹಾಳೆ ತಾನಾಗಿಯೇ ತ್ರಿಕೋನವಾಗಿ ಕೂತಿತು. ಅವನ ಕಣ್ಣು ಅರಳಿದ್ದು ಅಲ್ಲಿ. ಬಿಚ್ಚಿ ಮತ್ತೆ ನಾಲ್ಕು ಸಲ ಅಷ್ಟನ್ನೇ ಮಾಡಿದ.

ಎಡವುವುದು ಕೊನೆಯಲ್ಲಿ. ಮೇಲಿನ ಪದರದ ಎರಡು ರೆಕ್ಕೆ ಮಡಿಸಿ, ತಿರುಗಿಸಿ, ತುದಿಯನ್ನು ಉದ್ದ ಅಂಚಿನಾಚೆಗೆ ತಂದು ಸಿಕ್ಕಿಸಬೇಕು. ಅಲ್ಲಿ ಕಾಗದ ಪದರ ಪದರವಾಗಿ ದಪ್ಪ ಇರುತ್ತದೆ. ಎ4 ಹಾಳೆಯಲ್ಲಿ ಮಾಣಿಗೆ ಆಗಲಿಲ್ಲ, ಗ್ಲೇಜ್ ಪೇಪರಿನಲ್ಲಿ ಆಯಿತು. ಐದು ವರ್ಷಕ್ಕೆ ಚಿಟ್ಟೆ ಕೊಡಬಹುದು, ನಾಲ್ಕಕ್ಕೆ ಬೇಡ. ಮಗಳು ಹಳದಿ ಕಾಗದಕ್ಕೆ ಕಪ್ಪು ಅಂಚು ಬಳಿದು ಸದರ್ನ್ ಬರ್ಡ್‌ವಿಂಗ್ ಮಾಡಿದಳು. ಅದು ನಮ್ಮ ರಾಜ್ಯದ ಚಿಟ್ಟೆ.

ಜಿಗಿಯುವ ಕಪ್ಪೆಯನ್ನು ವಸಂತದ ಪಟ್ಟಿಯಲ್ಲಿ ಸೇರಿಸಿದ್ದು ಜಪಾನಿನವರ ಲೆಕ್ಕದಲ್ಲಿ. ಅವರ ಹಾಯ್ಕುಗಳಲ್ಲಿ ಕಪ್ಪೆ ವಸಂತದ ಗುರುತು. ನಮ್ಮಲ್ಲಿ ಮಾರ್ಚಿನಲ್ಲಿ ಕಪ್ಪೆ ಎಲ್ಲಿದೆ? ಆಟಕ್ಕಂತೂ ಇದರ ಮುಂದೆ ಉಳಿದ ನಾಲ್ಕೂ ಸಪ್ಪೆ. ಬೆನ್ನು ಒತ್ತಿ ಬಿಟ್ಟರೆ ಜಗಲಿಯಿಂದ ಅಂಗಳಕ್ಕೆ ಹಾರುತ್ತದೆ. ಆದರೆ ಮಡಿಕೆ ಜಾಸ್ತಿ, ಒಂದು ಸೊಟ್ಟಗಾದರೂ ಕಪ್ಪೆ ಪಕ್ಕಕ್ಕೆ ಮಗುಚುತ್ತದೆ. ಕೂಸಿನ ಕಪ್ಪೆ ಹಾರಲೇ ಇಲ್ಲ, ಅತ್ತುಬಿಟ್ಟಿತು. ಅದು ನನಗೆ ಇನ್ನೂ ಬೇಜಾರು.

ಮರುದಿನ ಮಾವಿನ ಎಲೆ ಹಿಡಿದೆ. 21 ಸೆಂಟಿಮೀಟರ್ ಚೌಕವನ್ನು ನಾಲ್ಕು ಮಾಡಿದರೆ 10.5ರ ತುಂಡು. ನಡುವೆ ಮೂಲೆಯಿಂದ ಮೂಲೆಗೆ ಗೆರೆ, ಒಂದು ತುದಿಯ ಎರಡು ಬದಿ ಆ ಗೆರೆಗೆ, ಇನ್ನೊಂದು ತುದಿಯ ಎರಡು ಬದಿಯೂ ಅದೇ ಗೆರೆಗೆ. ಐದು ಮಡಿಕೆ. ಉದ್ದ ಹದಿನೈದು ಸೆಂಟಿಮೀಟರಿನ ಹತ್ತಿರ ಬರುತ್ತದೆ, ಮರದ ಎಲೆಯ ಪಕ್ಕ ಇಟ್ಟರೆ ಜೋಡಿ. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ, ಸೊಟ್ಟಗಾದರೂ ಇದು ಎಲೆಯೇ. ಯಾವ ಮರದಲ್ಲಿ ಎಲ್ಲ ಎಲೆ ನೆಟ್ಟಗಿರುತ್ತದೆ ಹೇಳಿ? ಕಪ್ಪೆಗೆ ಅತ್ತ ಕೂಸು ಅಂದು ಹನ್ನೊಂದು ಎಲೆ ಮಾಡಿತು. ನಾನು ಒಂದನ್ನೂ ಮುಟ್ಟಲಿಲ್ಲ. ತುದಿಯನ್ನು ದಾರದ ಮೇಲೆ ಮಡಿಸಿ ಚೂರು ಗೋಂದು ಹಚ್ಚಿ, ನಡುನಡುವೆ ದಾಳಿಂಬೆ ಹೂವು ಸಿಕ್ಕಿಸಿ ತೋರಣ ಕಟ್ಟಿದೆವು. ಯುಗಾದಿಯ ದಿನ ನಿಜವಾದ ತೋರಣದ ಕೆಳಗೆ ಅದೂ ಬಾಗಿಲಿಗೆ ಬಂತು.

ಈ ವಯಸ್ಸಿನ ಮಕ್ಕಳಿದ್ದರೆ ಎಲೆಯಿಂದಲೇ ಶುರು ಮಾಡಿ, ಮರುದಿನ ಚಪ್ಪಟೆ ಹೂವು, ಐದು ದಾಟಿದವರಿಗೆ ಚಿಟ್ಟೆ. ಕಪ್ಪೆಯನ್ನು ಜೂನಿಗೆ ಇಟ್ಟಿದ್ದೇನೆ. ಗಟ್ಟಿ ಕಾಗದದ ಕಪ್ಪೆ ದೂರ ಹಾರುತ್ತದೆ. ಅದಕ್ಕೇ ಈಗ ಬರುತ್ತಿರುವ ಮದುವೆ ಕರೆಯೋಲೆಗಳನ್ನೆಲ್ಲ ಎತ್ತಿಡುತ್ತಿದ್ದೇನೆ. ಮಳೆ ಹಿಡಿಯುವಷ್ಟರಲ್ಲಿ ಕೂಸಿಗೆ ಇನ್ನೊಂದಿಷ್ಟು ಎಲೆ ಮಡಿಸಿ ಕೈ ಕೂತಿರುತ್ತದೆ.